ನೆನಪಿರುವಷ್ಟರಿಂದಲೇ ಹುಡುಕುವುದು: ಮೈಸೂರಿನ ಒಂದು ಕ್ಯಾಸೆಟ್ ಸಂಗ್ರಹದ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಸಂಗ್ರಾಹಕರು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಿವೃತ್ತ ನೌಕರರು. ಇಲ್ಲಿ ಅವರನ್ನು ಹಿರಿಯರು ಎಂದಷ್ಟೇ ಕರೆಯುತ್ತೇನೆ. ವೃತ್ತಿ, ಬಂಧುಗಳ ವಿವರಗಳನ್ನು ಗುರುತು ಹತ್ತದಷ್ಟು ಬದಲಿಸಿದ್ದೇನೆ. ಎಪ್ಪತ್ತರ ದಶಕದ ಕೊನೆಯಿಂದ ಅವರು ಕರ್ನಾಟಕ ಸಂಗೀತದ ಕಛೇರಿಗಳನ್ನು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸುತ್ತ ಬಂದವರು. ಕೆಲವು ಆಕಾಶವಾಣಿಯಿಂದ ಹಿಡಿದವು, ಕೆಲವು ಸಂಘಟಕರ ಒಪ್ಪಿಗೆ ಪಡೆದು ಸಭಾಂಗಣದಲ್ಲೇ ಕುಳಿತು ಮುದ್ರಿಸಿದವು. ಈ ಊರಿನಲ್ಲಿ ಇಂಥ ಹವ್ಯಾಸಕ್ಕೆ ಮೇವು ಸಿಗುವುದು ಕಷ್ಟವಲ್ಲ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರ ಆರಂಭಿಸಿದ ಊರು ಇದು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರ ಇದೆ, ಜಗನ್ಮೋಹನ ಅರಮನೆಯ ಸಭಾಂಗಣ ಇದೆ, ಗಣೇಶನ ಹಬ್ಬ ಬಂತೆಂದರೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ನಲ್ಲಿ ರಸ್ತೆಯ ಮೇಲೆಯೇ ಕಛೇರಿ ನಡೆಯುತ್ತದೆ.

ಕ್ಯಾಸೆಟ್‌ಗಳ ಸಂಖ್ಯೆ ಸಾವಿರ ದಾಟಿದೆ. ಪ್ರತಿಯೊಂದರ ಬೆನ್ನಿಗೂ ಒಂದು ಸಂಖ್ಯೆ ಅಂಟಿಸಿದೆ. ಆ ಸಂಖ್ಯೆಯ ಎದುರು ಉದ್ದನೆಯ ರಿಜಿಸ್ಟರಿನಲ್ಲಿ ಗಾಯಕರು, ಪಕ್ಕವಾದ್ಯದವರು, ಕೃತಿ, ರಾಗ, ತಾಳ ಎಂದು ಹಿರಿಯರ ಅಚ್ಚುಕಟ್ಟಾದ ಬರಹ. ತೊಂಬತ್ತು ನಿಮಿಷದ ಕ್ಯಾಸೆಟ್‌ನ ಒಂದು ಮುಖಕ್ಕೆ ನಲವತ್ತೈದು ನಿಮಿಷ. ಸ್ವರಪ್ರಸ್ತಾರ ಬಿಸಿಯೇರಿದಾಗಲೇ ಟೇಪು ಮುಗಿದು, ಉಳಿದದ್ದು ಮಗುಚಿದ ಮುಖಕ್ಕೆ ಹೋದ ಕಛೇರಿಗಳು ಬೇಕಾದಷ್ಟಿವೆ. ಹೀಗಾಗಿ ಒಂದೇ ಕೃತಿ ಎರಡು ಕಡೆ ದಾಖಲಾಗಿರುವುದೂ ಉಂಟು.

ರಿಜಿಸ್ಟರನ್ನು ಕೆಲವು ವರ್ಷಗಳ ಹಿಂದೆ ಬೆರಳಚ್ಚುಗಾರರೊಬ್ಬರು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಹಿರಿಯರ ತಂಗಿಯ ಮಗ, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯೂನಿಕೋಡ್‌ಗೆ ಪರಿವರ್ತಿಸಿ ಮೈಕ್ರೊಸಾಫ್ಟ್ ಆಕ್ಸೆಸ್‌ನಲ್ಲಿ ಡೇಟಾಬೇಸ್ ಮಾಡಿಕೊಟ್ಟ. ಹುಡುಕಲು ಒಂದು ಫಾರ್ಮ್ ಕೂಡ ಮಾಡಿದ. ನನ್ನನ್ನು ಕರೆಸಿದ್ದು ಆಮೇಲೆ, ಆ ಫಾರ್ಮ್ ಯಾರೂ ಮುಟ್ಟದೆ ಬಿದ್ದಿದ್ದಾಗ.

ತೊಂದರೆ

ಫಾರ್ಮಿನಲ್ಲಿ ಹದಿನಾಲ್ಕು ಪೆಟ್ಟಿಗೆಗಳಿದ್ದವು. ಟೇಬಲ್‌ನಲ್ಲಿ ಎಷ್ಟು ಕಾಲಂಗಳೋ ಅಷ್ಟು ಪೆಟ್ಟಿಗೆ, ಅದೇ ಕ್ರಮದಲ್ಲಿ. ಮೊದಲನೆಯದು ಕ್ಯಾಸೆಟ್ ಸಂಖ್ಯೆ! ಅದು ಗೊತ್ತಿದ್ದರೆ ಕಂಪ್ಯೂಟರ್ ಹಚ್ಚುವ ಅಗತ್ಯವಾದರೂ ಏನು? ನಂತರ ದಿನಾಂಕ, ಕ್ಯಾಸೆಟ್ ತಯಾರಿಸಿದ ಕಂಪನಿ, ಟೇಪಿನ ಬಗೆ. ರಾಗದ ಪೆಟ್ಟಿಗೆ ಸಿಗಬೇಕಾದರೆ ಪುಟವನ್ನು ಕೆಳಗೆ ಸರಿಸಬೇಕಿತ್ತು. ಫಲಿತಾಂಶ ಬೇರೊಂದು ಕಿಟಕಿಯಲ್ಲಿ ತೆರೆದುಕೊಳ್ಳುತ್ತಿತ್ತು, ಅದೂ ಅಡ್ಡಕ್ಕೆ ಉದ್ದವಾಗಿ. ಕ್ಯಾಸೆಟ್ ಇರುವ ಕಪಾಟಿನ ಸಂಖ್ಯೆ ಕೊಟ್ಟಕೊನೆಯ ಕಾಲಂನಲ್ಲಿ ಅಡಗಿರುತ್ತಿತ್ತು.

ಇದೆಲ್ಲ ಕಿರಿಕಿರಿ, ಅಷ್ಟೇ. ಹಿರಿಯರು ಫಾರ್ಮನ್ನು ಕೈಬಿಟ್ಟದ್ದು ಬೇರೆ ಕಾರಣಕ್ಕೆ. ತಮ್ಮಲ್ಲಿ ಇದ್ದೇ ಇದೆ ಎಂದು ಗೊತ್ತಿದ್ದ ಧ್ವನಿಮುದ್ರಿಕೆ ಹುಡುಕಿದರೆ ಅದು ಇಲ್ಲ ಎನ್ನುತ್ತಿತ್ತು. “ರಿಜಿಸ್ಟರಿನಲ್ಲಿ ಇದೆ, ಕಪಾಟಿನಲ್ಲಿ ಇದೆ, ಇದರಲ್ಲಿ ಮಾತ್ರ ಇಲ್ಲ. ಇಂಥದ್ದನ್ನು ನಂಬುವುದು ಹೇಗೆ ಹೇಳಿ?” ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಿಧಾನವಾದ ಹುಡುಕಾಟವನ್ನು ಜನ ಸಹಿಸುತ್ತಾರೆ, ಸುಳ್ಳು ಹೇಳುವ ಹುಡುಕಾಟವನ್ನು ಸಹಿಸುವುದಿಲ್ಲ.

ಇಂಥ ಫಾರ್ಮ್ ಕೈಗೆ ಬಂದಾಗ ನಾನು ಮಾಡುವ ಮೊದಲ ಪರೀಕ್ಷೆ ಸರಳವಾದದ್ದು. ಎಲ್ಲ ಪೆಟ್ಟಿಗೆಗಳನ್ನೂ ಖಾಲಿ ಬಿಟ್ಟು ‘ಹುಡುಕು’ ಒತ್ತಬೇಕು. ಯಾವ ನಿಬಂಧನೆಯೂ ಇಲ್ಲದ ಮೇಲೆ ಎಲ್ಲ ಸಾಲುಗಳೂ ಬರಬೇಕಲ್ಲವೇ? ಇಲ್ಲಿ ಅರ್ಧಕ್ಕಿಂತ ಕಡಿಮೆ ಬಂದವು.

ಕಾರಣ, ಈ ಬಗೆಯ ಫಾರ್ಮ್‌ಗಳಲ್ಲಿ ಪದೇಪದೇ ಕಾಣುವಂಥದ್ದು. ಪ್ರತಿ ಕಾಲಂಗೂ ‘ಲೈಕ್’ (ಹೋಲುವ ಪಠ್ಯ ಹುಡುಕುವ) ನಿಬಂಧನೆ ಹಾಕಿ, ಪೆಟ್ಟಿಗೆಯಲ್ಲಿ ಬರೆದದ್ದರ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಸೇರಿಸಲಾಗಿತ್ತು. ಪೆಟ್ಟಿಗೆ ಖಾಲಿಯಾದರೆ ನಕ್ಷತ್ರಗಳು ಮಾತ್ರ ಉಳಿಯುತ್ತವೆ, ನಕ್ಷತ್ರಕ್ಕೆ ಯಾವ ಪಠ್ಯವೂ ಹೊಂದುತ್ತದೆ ಎಂಬುದು ಲೆಕ್ಕಾಚಾರ. ಪಠ್ಯವೇನೋ ಹೊಂದುತ್ತದೆ, ಆದರೆ ಏನನ್ನೂ ತುಂಬದೆ ಬಿಟ್ಟ ಜಾಗ ಡೇಟಾಬೇಸಿನ ಲೆಕ್ಕದಲ್ಲಿ ಪಠ್ಯವೇ ಅಲ್ಲ, ಅದು ‘ನಲ್’. ನಕ್ಷತ್ರ ಅದನ್ನು ಹಿಡಿಯುವುದಿಲ್ಲ. ಆಕಾಶವಾಣಿಯಿಂದ ಹಿಡಿದ ಕಛೇರಿಗಳಲ್ಲಿ ಆರಂಭದ ಪ್ರಕಟಣೆ ತಪ್ಪಿಹೋಗಿದ್ದರೆ ಮೃದಂಗ ಯಾರದೆಂದು ಗೊತ್ತಿರುವುದಿಲ್ಲ, ಹಿರಿಯರು ಆ ಜಾಗ ಖಾಲಿ ಬಿಟ್ಟಿದ್ದರು. ಹಾಗಾಗಿ ಗಾಯಕರ ಹೆಸರಿನಿಂದ ಹುಡುಕಿದರೂ, ರಾಗದಿಂದ ಹುಡುಕಿದರೂ, ಮೃದಂಗದವರ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಇಡೀ ಕಛೇರಿ ಮಾಯವಾಗುತ್ತಿತ್ತು.

ಮೊದಲ ದುರಸ್ತಿ

ಹುಡುಗನಿಗೆ ಕಾರಣ ತಿಳಿಸಿದ್ದೇ ತಡ, ಅವನು ಪ್ರತಿ ನಿಬಂಧನೆಯ ಬಾಲಕ್ಕೂ ‘ಅಥವಾ ಖಾಲಿ ಇದ್ದರೆ’ ಎಂದು ಸೇರಿಸಿದ. ಖಾಲಿ ಪರೀಕ್ಷೆಯಲ್ಲಿ ಎಲ್ಲ ಸಾಲುಗಳೂ ಬಂದವು. ಆದರೆ ರಾಗದ ಪೆಟ್ಟಿಗೆಯಲ್ಲಿ ತೋಡಿ ಎಂದು ಬರೆದರೆ ತೋಡಿಯ ಜೊತೆಗೆ, ರಾಗವನ್ನೇ ಬರೆಯದೆ ಬಿಟ್ಟ ಸಾಲುಗಳೆಲ್ಲ ಮೆರವಣಿಗೆ ಬರತೊಡಗಿದವು. ಸಾಲು ನುಂಗುವ ಫಾರ್ಮು ಈಗ ಸಾಲು ಕಾರುವ ಫಾರ್ಮಾಯಿತು.

ಸರಿಯಾದ ದಾರಿ, ತುಂಬಿದ ಪೆಟ್ಟಿಗೆಗಳಿಗೆ ಮಾತ್ರ ನಿಬಂಧನೆ ಕಟ್ಟುವುದು. ಬಟನ್ ಒತ್ತಿದಾಗ ಚಿಕ್ಕ ಪ್ರೋಗ್ರಾಂ ಒಂದೊಂದೇ ಪೆಟ್ಟಿಗೆಯನ್ನು ನೋಡುತ್ತ ಹೋಗುತ್ತದೆ. ಏನಾದರೂ ಬರೆದಿದ್ದರೆ ಅದನ್ನು ನಿಬಂಧನೆಯ ಸರಪಳಿಗೆ ಸೇರಿಸುತ್ತದೆ, ಖಾಲಿಯಿದ್ದರೆ ಆ ಕಾಲಂನ ಸುದ್ದಿಗೇ ಹೋಗುವುದಿಲ್ಲ. ಇದನ್ನು ಹುಡುಗನೇ ಬರೆದ, ಚೆನ್ನಾಗಿಯೇ ಬರೆದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಫಾರ್ಮ್ ಈಗ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಹಿರಿಯರು ರಿಜಿಸ್ಟರನ್ನೇ ತೆರೆಯುತ್ತಿದ್ದರು.

ದೂರವಾಣಿಯ ಪಕ್ಕದ ಚೀಟಿಗಳು

ಈ ಪ್ರಕರಣ ತಿರುವು ಪಡೆದದ್ದು ಕಂಪ್ಯೂಟರಿನಿಂದ ದೂರ. ಹಿರಿಯರಿಗೆ ಸಂಗೀತದ ವಿದ್ಯಾರ್ಥಿಗಳು, ಹಳೆಯ ಗೆಳೆಯರು ಫೋನ್ ಮಾಡಿ ಅದಿದೆಯೇ, ಇದಿದೆಯೇ ಎಂದು ಕೇಳುವುದು ವಾಡಿಕೆ. ಫೋನಿನ ಪಕ್ಕದಲ್ಲಿ ಚೀಟಿಗಳ ಕಟ್ಟು ಇಟ್ಟು, ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದಿಡಿ, ತಿದ್ದಬೇಡಿ ಎಂದು ಕೇಳಿಕೊಂಡೆ. ಹಿರಿಯರಿಗೆ ಸ್ವತಃ ಏನಾದರೂ ಬೇಕೆನಿಸಿದರೆ ಅದನ್ನೂ ಬರೆಯಬೇಕು. ಕೆಲವು ವಾರಗಳ ನಂತರ ಚೀಟಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆವು.

“ಬ್ರೋಚೇವಾ ಯಾರು ಯಾರು ಹಾಡಿದ್ದು ಇದೆ?”

“ಎಂಟನೇ ಕ್ರಾಸ್‌ನಲ್ಲಿ ಮಳೆ ಬಂದು ಅರ್ಧಕ್ಕೆ ನಿಂತಿತಲ್ಲ, ಆ ಕಛೇರಿ. ಎಂಬತ್ತರ ಆಸುಪಾಸು.”

“ಒಡೆಯರ್ ಕೃತಿಗಳು ಎಲ್ಲೆಲ್ಲಿವೆ?”

“ಪಿಟೀಲು ಇಂಥವರದು, ಹಾಡಿದವರು ನೆನಪಿಲ್ಲ. ಮುಖ್ಯ ರಾಗ ಪಂತುವರಾಳಿ ಇರಬೇಕು.”

ತಾಳದಿಂದ ಹುಡುಕಿದವರು ಒಬ್ಬರೂ ಇರಲಿಲ್ಲ. ದಿನಾಂಕ ಹೇಳಿದವರಿಲ್ಲ, ವರ್ಷವೂ ಅಂದಾಜು. ಹಬ್ಬದ ಹೆಸರು ಮಾತ್ರ ಎಲ್ಲರಿಗೂ ನೆನಪು: ರಾಮನವಮಿ, ಗಣೇಶನ ಹಬ್ಬ, ದಸರಾ. ಕೃತಿಯ ಮೊದಲ ಎರಡು ಮಾತು ಬಹುಪಾಲು ಚೀಟಿಗಳಲ್ಲಿತ್ತು. ವಾಗ್ಗೇಯಕಾರರ, ಅಂದರೆ ಕೃತಿ ರಚಿಸಿದವರ, ಹೆಸರನ್ನು ಕೆಲವರು ಅಂಕಿತದಿಂದಲೇ (ಕೃತಿಯೊಳಗೆ ಅವರು ಇಡುವ ಮುದ್ರೆಯಿಂದಲೇ) ಹೇಳಿದ್ದರು: ‘ಹರಿಕೇಶ ಕೃತಿ’ ಎಂದರೆ ಮುತ್ತಯ್ಯ ಭಾಗವತರದು, ‘ಶ್ರೀವಿದ್ಯಾ ಅಂಕಿತದವು’ ಎಂದರೆ ಜಯಚಾಮರಾಜ ಒಡೆಯರದು. ಹದಿನಾಲ್ಕು ಪೆಟ್ಟಿಗೆಗಳಲ್ಲಿ ಅಂಕಿತಕ್ಕೆ ಜಾಗವೇ ಇರಲಿಲ್ಲ.

ನನ್ನ ಮಟ್ಟಿಗೆ ಈ ಕೆಲಸದ ಬಹುಪಾಲು ಅಲ್ಲಿಯೇ ಮುಗಿಯಿತು. ಟೇಬಲ್ ಕಟ್ಟುವುದು ದಾಖಲಿಸುವವರ ಶಿಸ್ತಿನಿಂದ; ಹುಡುಕುವವರು ಬರುವುದು ಅರೆಬರೆ ನೆನಪಿನಿಂದ. ಒಂದನ್ನು ನೋಡಿಕೊಂಡು ಇನ್ನೊಂದನ್ನು ಅಳೆದರೆ ಅಂಗಿ ಮೈಗೆ ಕೂರುವುದಿಲ್ಲ. ಚೀಟಿಗಳ ಆಧಾರದ ಮೇಲೆ ಹೊಸ ಫಾರ್ಮಿಗೆ ಐದು ಪೆಟ್ಟಿಗೆಗಳು ಸಾಕೆಂದು ತೀರ್ಮಾನಿಸಿದೆವು: ಕೃತಿಯ ಆರಂಭ, ರಾಗ, ಕಲಾವಿದರು, ರಚಿಸಿದವರು ಅಥವಾ ಅಂಕಿತ, ಸಂದರ್ಭ ಮತ್ತು ದಶಕ. ಕಲಾವಿದರ ಪೆಟ್ಟಿಗೆ ಗಾಯಕರು, ಪಿಟೀಲು, ಮೃದಂಗ, ಘಟ ಎಲ್ಲ ಕಾಲಂಗಳಲ್ಲೂ ಒಟ್ಟಿಗೇ ಹುಡುಕುತ್ತದೆ.

ವರ್ಷದ ವಿಷಯದಲ್ಲಿ ಒಂದು ಹಳೆಯ ಕಸ ಹೊರಬಿತ್ತು. ದಿನಾಂಕದ ಕಾಲಂ ಪೂರ್ತಿ ದಿನಾಂಕವನ್ನೇ ಬೇಡುತ್ತಿದ್ದುದರಿಂದ, ವರ್ಷ ಮಾತ್ರ ಗೊತ್ತಿದ್ದ ಕಛೇರಿಗಳಿಗೆಲ್ಲ ಬೆರಳಚ್ಚುಗಾರರು ಜನವರಿ 1 ಎಂದು ಹಾಕಿದ್ದರು. ಆ ಲೆಕ್ಕದಲ್ಲಿ ನಮ್ಮ ವಿದ್ವಾಂಸರು ಗಣೇಶನ ಹಬ್ಬದ ಕಛೇರಿಗಳನ್ನೂ ಹೊಸವರ್ಷದ ದಿನವೇ ನಡೆಸಿದ್ದರು! ವರ್ಷಕ್ಕೆ ಬೇರೆ ಕಾಲಂ ಮಾಡಿ, ಪಕ್ಕದಲ್ಲಿ ‘ಸುಮಾರು’ ಎಂಬ ಗುರುತಿನ ಚೌಕ ಇಟ್ಟೆವು.

ಒಂದೇ ಪೆಟ್ಟಿಗೆಯ ಆಸೆ

ಹುಡುಗ ಇಷ್ಟಕ್ಕೆ ತೃಪ್ತನಾಗಲಿಲ್ಲ. “ಮಾವ, ಐದು ಪೆಟ್ಟಿಗೆ ಯಾಕೆ? ಗೂಗಲ್‌ನಲ್ಲಿ ಇರುವಂತೆ ಒಂದೇ ಇಡೋಣ, ಏನು ಬರೆದರೂ ಎಲ್ಲ ಕಡೆ ಹುಡುಕಲಿ” ಎಂದ. ಬೇಡವೆನ್ನಲು ನನ್ನಲ್ಲಿ ವಾದಗಳಿದ್ದವು, ಆದರೆ ಮಾಡಿ ನೋಡುವುದೇ ಬೇಗನೆ ಆಗುವ ಕೆಲಸವಾಗಿತ್ತು. ಮಾಡಿದ. ಹಿರಿಯರು ಕುಳಿತು ‘ಶ್ರೀ’ ಎಂದು ಬರೆದರು. ಅವರಿಗೆ ಬೇಕಾಗಿದ್ದುದು ಶ್ರೀರಾಗದ ‘ಎಂದರೋ ಮಹಾನುಭಾವುಲು’. ಬಂದದ್ದು ‘ಶ್ರೀ’ ಎಂದು ಆರಂಭವಾಗುವ ಕೃತಿಗಳ ಸಾಲು ಸಾಲು, ಶ್ರೀರಂಜಿನಿ ರಾಗದವು, ಹೆಸರಿನಲ್ಲಿ ಶ್ರೀನಿವಾಸ ಇರುವ ಕಲಾವಿದರು. ಆಮೇಲೆ ‘ಕಲ್ಯಾಣಿ’ ಬರೆದರು. ಕಲ್ಯಾಣಿಯ ಹಿಂದೆ ಪೂರ್ವಿಕಲ್ಯಾಣಿ, ಮೋಹನಕಲ್ಯಾಣಿ, ಯಮುನಾ ಕಲ್ಯಾಣಿ. ‘ಗೌಳ’ ಎಂದರೆ ಮಾಯಾಮಾಳವಗೌಳ, ಕೇದಾರಗೌಳ, ರೀತಿಗೌಳ ಎಲ್ಲ ಸೇರಿ ಜಾತ್ರೆ. ರಾಗಗಳ ಹೆಸರಿನಲ್ಲಿ ಒಂದರೊಳಗೊಂದು ಅಡಗಿರುವುದು ಅಪರೂಪವಲ್ಲ. ಅಕ್ಷರಗಳ ತುಣುಕಿನಿಂದ ಹುಡುಕುವ ವಿಧಾನ ಇಲ್ಲಿ ಸೋಲುತ್ತದೆ.

ಹಾಗಾಗಿ ರಾಗವನ್ನು ಬರೆಯುವ ಪೆಟ್ಟಿಗೆಯ ಬದಲು ಆರಿಸುವ ಪಟ್ಟಿಯಾಗಿ ಮಾಡಿದೆವು. ಅಕ್ಷರ ಒತ್ತುತ್ತಿದ್ದಂತೆ ಪಟ್ಟಿ ಆ ಜಾಗಕ್ಕೆ ಜಿಗಿಯುತ್ತದೆ, ಆರಿಸಿದ ರಾಗ ಮಾತ್ರ ಬರುತ್ತದೆ. ಕಾಮವರ್ಧಿನಿ ಎಂದರೂ ಪಂತುವರಾಳಿ ಎಂದರೂ ಒಂದೇ 51ನೇ ಮೇಳ (ಇತರ ರಾಗಗಳು ಹುಟ್ಟುವ ಮೂಲರಾಗ). ಎರಡೂ ಹೆಸರುಗಳು ಪಟ್ಟಿಯಲ್ಲಿದ್ದು ಒಂದೇ ಗುರುತಿಗೆ ಕೊಂಡಿಯಾಗಿವೆ. ಶುಭಪಂತುವರಾಳಿ 45ನೇ ಮೇಳ, ಅದರ ಪಾಡು ಬೇರೆ. ಹಿರಿಯರು ಇಲ್ಲಿ ಒಂದು ಪಟ್ಟು ಹಿಡಿದರು: ವೇದಿಕೆಯ ಮೇಲೆ ಕಲಾವಿದರು ಯಾವ ಹೆಸರು ಹೇಳಿದರೋ ಅದೇ ದಾಖಲೆಯಲ್ಲಿ ಉಳಿಯಬೇಕು, ನಾವು ತಿದ್ದಬಾರದು. ಒಳ್ಳೆಯ ಪಟ್ಟು. ಹೇಳಿದ ಹೆಸರಿಗೊಂದು ಕಾಲಂ, ರಾಗದ ಗುರುತಿಗೊಂದು ಕಾಲಂ ಆಯಿತು. ಹುಡುಕುವುದು ಎರಡನೆಯದರಲ್ಲಿ, ತೆರೆಯ ಮೇಲೆ ತೋರಿಸುವುದು ಮೊದಲನೆಯದನ್ನು.

ಕಾಗುಣಿತದ ಕಾಟ

ಕೃತಿಯ ಆರಂಭವನ್ನು ಮಾತ್ರ ಪಟ್ಟಿಯಿಂದ ಆರಿಸುವಂತಿಲ್ಲ, ಬರೆಯಲೇಬೇಕು. ತೆಲುಗು, ಸಂಸ್ಕೃತ, ತಮಿಳು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ರೂಢಿ. ವಾಸುದೇವಾಚಾರ್ಯರ ಖಮಾಸ್ ಕೃತಿಯೊಂದೇ ಈ ಡೇಟಾಬೇಸಿನಲ್ಲಿ ಬ್ರೋಚೇವಾರೆವರುರಾ, ಬ್ರೋಚೆವಾರೆವರುರ, ಬ್ರೋಚೇ ವಾರೆವರುರಾ ಎಂದೆಲ್ಲ ಹರಿದು ಹಂಚಿಹೋಗಿತ್ತು. ಇದರ ಮೇಲೆ ಕಣ್ಣಿಗೆ ಕಾಣದ ತೊಡಕುಗಳು. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂದು ಬಿಡಿ ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ‘ಬ್ರೋ’ ಎಂದೇ ಕಾಣುತ್ತವೆ, ಹೋಲಿಸಿ ನೋಡುವ ಯಂತ್ರಕ್ಕೆ ಬೇರೆಬೇರೆ. ಅರ್ಕಾವೊತ್ತು ಬರದಂತೆ ತಡೆಯಲು, ಒತ್ತಕ್ಷರ ಕೂಡದಂತೆ ಬಿಡಿಸಲು ಬಳಸುವ ಅಗಲವಿಲ್ಲದ ಅಕ್ಷರಗಳೂ ಪರಿವರ್ತನೆಯ ಹೊತ್ತಿನಲ್ಲಿ ಅಲ್ಲಲ್ಲಿ ಉಳಿದುಕೊಂಡಿದ್ದವು.

ಪರಿಹಾರವಾಗಿ ಪ್ರತಿ ಕೃತಿಗೂ ಒಂದು ಗುಪ್ತ ಕಾಲಂ ಸೇರಿಸಿದೆವು. ಅದರಲ್ಲಿ ಹೆಸರಿನ ಸವೆಸಿದ ರೂಪ ಇರುತ್ತದೆ: ದೀರ್ಘವೆಲ್ಲ ಹ್ರಸ್ವ, ಮಹಾಪ್ರಾಣವೆಲ್ಲ ಅಲ್ಪಪ್ರಾಣ, ಶ ಷ ಸ ಮೂರೂ ಸ, ಳ ಇದ್ದದ್ದು ಲ, ಅನುನಾಸಿಕ ಒತ್ತುಗಳು ಸೊನ್ನೆ, ಖಾಲಿ ಜಾಗ ಮತ್ತು ಕಾಣದ ಅಕ್ಷರಗಳಿಗೆ ಕೊಕ್. ಹುಡುಕುವವರು ಬರೆದದ್ದನ್ನೂ ಇದೇ ಜರಡಿಗೆ ಹಾಕಿ ಆ ಕಾಲಂನಲ್ಲಿ ಹೋಲಿಸಲಾಗುತ್ತದೆ. ವ್ಯಾಕರಣ ಪ್ರಿಯರು ಹೌಹಾರಬಹುದು, ಆದರೆ ಈ ರೂಪವನ್ನು ಯಾರೂ ಓದುವುದಿಲ್ಲ. ಅಪರೂಪಕ್ಕೆ ಸಂಬಂಧವಿಲ್ಲದ ಒಂದೆರಡು ಕೃತಿಗಳು ಜೊತೆಗೆ ಬರುತ್ತವೆ. ಬೇಕಾದದ್ದು ಬಾರದಿರುವುದಕ್ಕಿಂತ ಅದು ಮೇಲು.

ಆಕ್ಸೆಸ್‌ನಲ್ಲಿ ಪ್ರೋಗ್ರಾಂ ಬರೆಯುವ ಕಿಟಕಿ ಕನ್ನಡ ಅಕ್ಷರಗಳನ್ನು ಉಳಿಸಿಕೊಳ್ಳುವುದಿಲ್ಲ, ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಪ್ರತಿ ಅಕ್ಷರವನ್ನೂ ಸಂಕೇತ ಸಂಖ್ಯೆಯಾಗಿ ಬರೆಯುವುದು ಒಂದು ದಾರಿ. ನಾವು ‘ಇದಿದ್ದರೆ ಇದು’ ಎಂಬ ಎರಡು ಕಾಲಂಗಳ ಟೇಬಲ್ ಮಾಡಿ ಅಕ್ಷರಗಳನ್ನು ಅಲ್ಲಿಟ್ಟೆವು, ಪ್ರೋಗ್ರಾಂ ಅದನ್ನು ಓದಿಕೊಳ್ಳುತ್ತದೆ. ಅಡ್ಡಿಯಿಂದಾಗಿ ಹಿಡಿದ ಈ ದಾರಿಯಿಂದ ಲಾಭವೇ ಆಯಿತು. ಆ ಟೇಬಲ್‌ಗೆ ಹೊಸ ಸಾಲು ಸೇರಿಸಲು ಹಿರಿಯರಿಗೆ ಪ್ರೋಗ್ರಾಂ ಬರಬೇಕಾಗಿಲ್ಲ, ಈಗಾಗಲೇ ಕೆಲವು ಸೇರಿಸಿದ್ದಾರೆ.

ಗೊತ್ತಿಲ್ಲ ಎಂಬುದಕ್ಕೂ ಒಂದು ಬಟನ್

ಖಾಲಿ ಜಾಗಗಳು ಎಲ್ಲವೂ ಒಂದೇ ಬಗೆಯವಲ್ಲ ಎಂದು ತಿಳಿದದ್ದು ಹಿರಿಯರ ಜೊತೆ ಕುಳಿತು ಸಾಲು ಸಾಲಾಗಿ ನೋಡಿದಾಗ. ಕೆಲವು ಕಡೆ ರಾಗ ಬರೆಯದಿರುವುದು ಬೆರಳಚ್ಚಿನಲ್ಲಿ ಬಿಟ್ಟುಹೋದದ್ದು. ಇನ್ನು ಕೆಲವು ಕಡೆ ಅವರು ಹಲವು ಸಲ ಕೇಳಿಯೂ ಗುರುತು ಹತ್ತದೆ ಬಿಟ್ಟದ್ದು. ಎರಡನೆಯವಕ್ಕೆ ‘ಗುರುತಿಸಬೇಕು’ ಎಂದು ಸ್ಪಷ್ಟವಾಗಿ ಬರೆದು, ಅಂಥವನ್ನು ಮಾತ್ರ ತೋರಿಸುವ ಬಟನ್ ಇಟ್ಟೆವು. ಇಡೀ ಫಾರ್ಮಿನಲ್ಲಿ ಹಿರಿಯರು ಅತಿ ಹೆಚ್ಚು ಒತ್ತುವ ಬಟನ್ ಇದೇ. ಸಂಜೆ ಮನೆಗೆ ಸಂಗೀತ ಬಲ್ಲವರು ಬಂದರೆ ಆ ಪಟ್ಟಿ ತೆರೆದು, ಒಂದು ಕ್ಯಾಸೆಟ್ ಹಾಕಿ, ಚರ್ಚೆಗೆ ಇಳಿಯುತ್ತಾರೆ.

ಫಲಿತಾಂಶವನ್ನು ಪೆಟ್ಟಿಗೆಗಳ ಕೆಳಗೇ ತಂದೆವು. ಮೊದಲ ಕಾಲಂ ಕ್ಯಾಸೆಟ್ ಸಂಖ್ಯೆ ಮತ್ತು ಮುಖ, ದಪ್ಪ ಅಕ್ಷರದಲ್ಲಿ. ಏನೂ ಸಿಗದಿದ್ದರೆ ಸುಮ್ಮನೆ ಖಾಲಿ ತೆರೆ ತೋರಿಸದೆ, ಪ್ರತಿ ನಿಬಂಧನೆಗೂ ಬಿಡಿಯಾಗಿ ಎಷ್ಟು ಸಿಗುತ್ತವೆ ಎಂದು ಹೇಳುತ್ತದೆ: ರಾಗಕ್ಕೆ ಇಷ್ಟು, ಕಲಾವಿದರಿಗೆ ಇಷ್ಟು, ಈ ದಶಕಕ್ಕೆ ಸೊನ್ನೆ. ಯಾವುದನ್ನು ಸಡಿಲಿಸಬೇಕೆಂದು ನೋಡಿದೊಡನೆ ತಿಳಿಯುತ್ತದೆ. ಎಂಟನೇ ಕ್ರಾಸ್‌ನ ಆ ಮಳೆಯ ಕಛೇರಿ ಸಿಕ್ಕಿದ್ದು ಹೀಗೆಯೇ. ನೆನಪು ಹೇಳಿದ ದಶಕ ತಪ್ಪಾಗಿತ್ತು, ಉಳಿದದ್ದೆಲ್ಲ ಸರಿಯಿತ್ತು.

ಮನೆಯ ಯಜಮಾನತಿ ಈವರೆಗೆ ಕಂಪ್ಯೂಟರಿನ ಹತ್ತಿರ ಬಂದವರಲ್ಲ. ಕನ್ನಡ ಕೀಲಿಮಣೆ ಅವರಿಗೆ ಅಭ್ಯಾಸವಿಲ್ಲ, ಹಾಡುಗಳೇನೋ ನೂರಾರು ಬಾಯಿಗೆ ಬರುತ್ತವೆ. “ಹಾಡಿನ ಪುಸ್ತಕದಲ್ಲಿ ಹಿಂದೆ ಅಕಾರಾದಿ ಇರುತ್ತದಲ್ಲ, ಅದನ್ನು ಯಾಕೆ ಹಾಕಿಲ್ಲ?” ಎಂದು ಅವರು ಕೇಳಿದರು. ಫಾರ್ಮಿನ ಮೇಲ್ತುದಿಯಲ್ಲಿ ಅ ಆ ಇ ಈ ಎಂದು ಅಕ್ಷರಗಳ ಬಟನ್ ಸಾಲು ಬಂತು. ‘ಜ’ ಒತ್ತಿದರೆ ಆ ಅಕ್ಷರದಿಂದ ಆರಂಭವಾಗುವ ಕೃತಿಗಳು, ದೇವರನಾಮಗಳು. ಮಾಡಲು ತೀರ ಸುಲಭವಾದದ್ದು, ಫೋನಿನಲ್ಲಿ ಬರುವ ಪ್ರಶ್ನೆಗಳಿಗೆ ಈಗ ಅರ್ಧದಷ್ಟು ಉತ್ತರಿಸುವವರು ಅವರೇ.

ಉಳಿದಿರುವುದು

ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಾನೆ. ಹೊರಡುವ ಮೊದಲು ಅವನಿಂದ ಮಾಡಿಸಿದ ಒಂದು ಕೆಲಸ, ದತ್ತಾಂಶದ ಟೇಬಲ್‌ಗಳನ್ನು ಒಂದು ಕಡತದಲ್ಲೂ ಫಾರ್ಮನ್ನು ಇನ್ನೊಂದು ಕಡತದಲ್ಲೂ ಬೇರ್ಪಡಿಸಿದ್ದು. ಫಾರ್ಮಿಗೆ ಏನೇ ಬದಲಾವಣೆ ಬೇಕಾದರೂ ಅವನು ಆ ಕಡತವನ್ನಷ್ಟೇ ಕಳಿಸುತ್ತಾನೆ. ಹಿರಿಯರು ತುಂಬಿದ ದಾಖಲೆಗಳನ್ನು ಅದು ಮುಟ್ಟುವುದಿಲ್ಲ. ದತ್ತಾಂಶದ ಕಡತದ ನಕಲು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹೋಗುತ್ತದೆ.

ರಾಗಮಾಲಿಕೆಗಳು, ಅಂದರೆ ಹಲವು ರಾಗಗಳನ್ನು ಪೋಣಿಸಿದವು, ಇನ್ನೂ ಬಗೆಹರಿದಿಲ್ಲ. ಒಂದು ಕೃತಿಗೆ ಒಂದು ರಾಗ ಎಂಬ ಎಣಿಕೆಯ ಮೇಲೆ ಟೇಬಲ್ ನಿಂತಿದೆ. ರಾಗ ತಾನ ಪಲ್ಲವಿಯ ಕೊನೆಯಲ್ಲಿ ಸ್ವರಗಳು ನಾಲ್ಕಾರು ರಾಗಗಳಲ್ಲಿ ಓಡಾಡಿದರೆ ಅವನ್ನೆಲ್ಲ ಬರೆಯುವ ಜಾಗವಿಲ್ಲ. ಕ್ರಮಬದ್ಧವಾದ ಉಪಾಯವೆಂದರೆ ರಾಗಗಳಿಗೆ ಬೇರೆ ಕೊಂಡಿ ಟೇಬಲ್ ಮಾಡಿ, ಒಂದು ಕೃತಿಗೆ ಎಷ್ಟು ರಾಗ ಬೇಕಾದರೂ ಜೋಡಿಸುವುದು. ಅದಕ್ಕೆ ಆ ಕ್ಯಾಸೆಟ್‌ಗಳನ್ನೆಲ್ಲ ಮತ್ತೆ ಕೇಳಿ ಬರೆದುಕೊಳ್ಳಬೇಕು. ಹಿರಿಯರು ಸದ್ಯಕ್ಕೆ ಬೇಡವೆಂದಿದ್ದಾರೆ. ಅಂಥವಕ್ಕೆ ರಾಗದ ಕಾಲಂನಲ್ಲಿ ‘ರಾಗಮಾಲಿಕೆ’ ಎಂದೇ ಇದೆ, ಬಿಡಿ ರಾಗಗಳ ಹೆಸರು ಷರಾ ಕಾಲಂನಲ್ಲಿವೆ. ರಾಗ ಆರಿಸಿದಾಗ ಷರಾದಲ್ಲಿ ಸಿಕ್ಕವು ಪಟ್ಟಿಯ ಕೆಳಗೆ ತಿಳಿ ಬಣ್ಣದಲ್ಲಿ ಪ್ರತ್ಯೇಕವಾಗಿ ಬರುವಂತೆ ಮಾಡಿದ್ದೇವೆ. ಅಲ್ಲಿ ಕಲ್ಯಾಣಿ ಕೇಳಿದರೆ ಪೂರ್ವಿಕಲ್ಯಾಣಿಯೂ ಬರುತ್ತದೆ, ಅದನ್ನು ಹಿರಿಯರು ಬಲ್ಲರು.